ಹಿಮ್ಮೇಳದಲ್ಲಿ ಅಣ್ಣ

ನಮ್ಮಣ್ಣ ಭಜನೆಯಲ್ಲಿ ಎಂದೂ ಮುಂದೆ ಕೂತು ಹಾಡಿದವನಲ್ಲ. ಮುಂದಿನವರು ಸೊಲ್ಲು ಎತ್ತಿದರೆ ಹಿಂದೆ ಕೂತು ಅದನ್ನೇ ತಿರುಗಿ ಹೇಳುವ ಹಿಮ್ಮೇಳದವನು. ಅವನು ತೀರಿಕೊಂಡ ಮೇಲೆ ಅವನ ದನಿ ಉಳಿದದ್ದು ಒಂದೇ ಕಡೆ, ಕಿಣ್ಣಿ ಸುಲ್ತಾನ ಎಂಬ ಊರಿನ ಅವನ ಮನೆಯಲ್ಲಿ ನಡೆದ ಭಜನೆಯ ಒಂದು ಸಿ.ಡಿ.ಯಲ್ಲಿ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ವೈನಿ, ಅಂದರೆ ಅಣ್ಣನ ಹೆಂಡತಿ, ಅಫಜಲಪುರದ ನಮ್ಮ ಮನೆಗೆ ಬಂದರು.

“ಮುಂದಿನವರ ಹಾಡು ಭಾಳ ಕೇಳೇನಿ. ನನಗ ಇವರ ದನಿ ಒಂದು ಕೇಳಸಪಾ,” ಎಂದರು.

ಅದೇನು ಮಹಾ ಎಂದೆ. ನಮ್ಮಲ್ಲಿ ಸ್ಟ್ರೀಮರ್ ಇತ್ತು. ಇಂಟರ್‌ನೆಟ್ಟಿನಿಂದ ಹಾಡು ತಂದು ದೊಡ್ಡ ಸ್ಪೀಕರಿಗೆ ಕೊಡುವ ಪೆಟ್ಟಿಗೆ. ಹಳೆಯ ಸಿ.ಡಿ. ಪ್ಲೇಯರಿನ ಇಯರ್‌ಫೋನ್ ತೂತಿನಿಂದ ಅದಕ್ಕೆ ವೈರು ಸಿಕ್ಕಿಸಿ ಹಚ್ಚಿದೆ. ಮುಂದಿನವರು ಗಂಟಲು ಏರಿಸಿದ್ದೇ ತಡ, ಸ್ಪೀಕರು ಹರಿದ ತಗಡಿನಂತೆ ಪರಪರ ಅನ್ನತೊಡಗಿತು. ಹಿಮ್ಮೇಳ ಆ ಗದ್ದಲದಲ್ಲಿ ಮುಚ್ಚಿಹೋಯಿತು.

ಭಜನೆಯವರಿಗೆ ಗೊತ್ತಿರುವ ಮದ್ದು ಒಂದೇ: ಹಿಂದಿನವರ ದನಿ ಕೇಳದಿದ್ದರೆ ಮೈಕಿನ ಪೆಟ್ಟಿಗೆಯ ವಾಲ್ಯೂಮು ಏರಿಸು. ನಾನೂ ಅದೇ ಕುಲದವನು. ಪ್ಲೇಯರಿನ ವಾಲ್ಯೂಮು ತುದಿತನಕ ತಿರುವಿದೆ. ಸ್ಟ್ರೀಮರು ಹೊರಗಿನ ದನಿಯನ್ನು ಎಷ್ಟು ಎಳೆದುಕೊಳ್ಳಬೇಕೆಂಬ ಅಳತೆಯನ್ನೂ ಮೊಬೈಲಿನಲ್ಲಿ ಹೆಚ್ಚಿಸಿದೆ. ಪರಪರ ಇನ್ನೂ ಜೋರಾಯಿತು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದ್ದು. ವೈರು ಕಿತ್ತೊಗೆದು ಬಜಾರಿಗೆ ಹೋಗಿ ಹೊಸದು ತಂದೆ. ಅದೂ ಹಾಗೇ ಕಿರುಚಿತು.

“ವೈರೇನ್ ಪಾಪ ಮಾಡೇತ್ರಿ? ಮೊದಲ ಸಿ.ಡಿ. ನೆಟ್ಟಗ ಐತೋ ಇಲ್ಲೋ ನೋಡ್ರಿ,” ಎಂದು ನನ್ನ ಹೆಂಡತಿ ಇಯರ್‌ಫೋನ್ ತಂದಿಟ್ಟಳು.

ವೈರು ತೆಗೆದು, ವಾಲ್ಯೂಮು ಇಳಿಸಿ, ಇಯರ್‌ಫೋನನ್ನು ಪ್ಲೇಯರಿಗೇ ಸಿಕ್ಕಿಸಿ ಕೇಳಿದೆ. ಹಾಡು ತಿಳಿಯಾಗಿತ್ತು. ವೈನಿಯ ಕಿವಿಗೂ ಇಡಹೋದರೆ ಕೈ ಸರಿಸಿಬಿಟ್ಟರು.

“ಭಜನಿ ಒಬ್ಬರ ಕುಂತು ಕೇಳ್ತಾರೇನಲೇ? ಎಲ್ಲಾರೂ ಕೂಡೇ ಕೇಳೂಣು.”

ಸಿ.ಡಿ. ಸರಿ, ಪ್ಲೇಯರ್ ಸರಿ. ಹಾಗಾದರೆ ಸ್ಟ್ರೀಮರಿಗೆ ಹಿಡಿಸದಷ್ಟು ದನಿಯನ್ನು ನಾನೇ ತುರುಕಿದ್ದೆ. ವೈರನ್ನು ಮತ್ತೆ ಹಚ್ಚಿ, ಪ್ಲೇಯರಿನ ವಾಲ್ಯೂಮು ಅರ್ಧಕ್ಕೆ ತಂದೆ. ಮೊಬೈಲಿನ ಅಳತೆಯನ್ನೂ ಇಳಿಸತೊಡಗಿದಾಗ ವೈನಿಗೆ ಜೀವ ತಡೆಯಲಿಲ್ಲ.

“ಇಳಸಬ್ಯಾಡೋ. ಇದ್ದಷ್ಟೂ ಹೋಗ್ತದ.”

“ಸುಮ್ಮ ಕುಂದರ್ರಿ ವೈನಿ, ನೋಡಾಕತ್ತೇನಿ,” ಎಂದು ಗದರಿದೆ. ಕೊನೆಗೆ ಸ್ಪೀಕರನ್ನಷ್ಟೇ ತುಸು ಏರಿಸಿದೆ.

ಪರಪರ ನಿಂತಿತು. ತಾಳ ಬೇರೆ, ಹಾರ್ಮೋನಿಯಂ ಬೇರೆ ಕೇಳಿದವು. ಮುಂದಿನವರು ಸೊಲ್ಲು ಬಿಟ್ಟರು, ಹಿಂದಿನವರು ಎತ್ತಿಕೊಂಡರು. ಅದರಲ್ಲಿ ಅಣ್ಣ ಯಾರೆಂದು ನನಗೆ ತಿಳಿಯಲಿಲ್ಲ, ಒಡಹುಟ್ಟಿದವನಾಗಿಯೂ ತಿಳಿಯಲಿಲ್ಲವಲ್ಲ ಎಂದು ಕಸಿವಿಸಿಯಾಯಿತು. ವೈನಿ ಮಾತ್ರ ಕಣ್ಣುಮುಚ್ಚಿ, “ಹಾಂ, ಇವರ,” ಎಂದು ತಲೆದೂಗುತ್ತ ಕೂತಿದ್ದರು.

ಪದ ಮುಗಿಯಿತು. ಯಾರೋ ಕೆಮ್ಮಿದರು, ಯಾರೋ ತಾಳ ಕೆಳಗಿಟ್ಟರು. ಆಮೇಲೆ ಸ್ಪೀಕರಿನಲ್ಲಿ ಅಣ್ಣ, ನನಗೂ ಗುರುತು ಸಿಗುವ ಮಾತಿನ ದನಿಯಲ್ಲಿ, ಮೆಲ್ಲಗೆ ಕೇಳಿದ: “ನೀರ ತಾ ಬೇ.”

ವೈನಿ ಮೊಣಕಾಲಿಗೆ ಕೈಯೂರಿ ಎದ್ದೇಬಿಟ್ಟರು. ಅಡಿಗೆಮನೆಗೆ ಹೋಗಿ ತಂಬಿಗೆ ತುಂಬಿಕೊಂಡು ಬಂದು ಸ್ಪೀಕರಿನ ಮುಂದೆ ನಿಂತರು. ಅಷ್ಟರಲ್ಲಿ ಮುಂದಿನ ಪದ ಶುರುವಾಗಿತ್ತು. ಅವರು ನನ್ನ ಮುಖ ನೋಡಿದರು. ನನಗೆ ಅಳು ಬಂತು. ಕೈಚಾಚಿ ತಂಬಿಗೆ ಇಸಿದುಕೊಂಡು ಅಷ್ಟೂ ನೀರು ಕುಡಿದೆ.