ಬದಲಿರಾಯನ ಸ್ವಇಚ್ಛೆಯ ಸೇವೆ

ನನ್ನ ತಂಗಿಯ ಗಂಡನಿಗೆ ನಾವು ಮನೆಯವರು ಇಟ್ಟ ಹೆಸರು ಬದಲಿರಾಯ. ಬಣ್ಣದ ಅಂಗಡಿ ಇಟ್ಟುಕೊಂಡು ನಾಲ್ಕು ಕಾಸು ಮಾಡಿದ್ದಾನೆ, ಇಲ್ಲವೆನ್ನುವುದಿಲ್ಲ. ಆದರೆ ತನ್ನ ಪಾಲಿನ ಒಂದು ಕೆಲಸವನ್ನೂ ತಾನೇ ಮಾಡಿದವನಲ್ಲ. ಚಿಕ್ಕಂದಿನಲ್ಲಿ ಓಟದ ಪಂದ್ಯಕ್ಕೆ ತಮ್ಮನನ್ನು ಓಡಿಸಿ ಪದಕವನ್ನು ತಾನು ಹಾಕಿಕೊಂಡನೆಂದು ಅವನ ತಾಯಿಯೇ ಹೇಳುತ್ತಿದ್ದರು. ಆ ತಾಯಿ ಆಸ್ಪತ್ರೆಯಲ್ಲಿ ಮಲಗಿದಾಗ ಪಕ್ಕದಲ್ಲಿ ಕೂರಲು ಅಂಗಡಿಯ ಲೆಕ್ಕದವನನ್ನು ಕಳಿಸಿದ ಮಹಾನುಭಾವ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇವನ ಲೆಕ್ಕದಲ್ಲಿ ಕೆಸರು ಊರಿನವರ ಕೈಗೆ, ಮೊಸರು ಮಾತ್ರ ತನ್ನ ಬಾಯಿಗೆ.

ಮಗಳನ್ನು ಸೇರಿಸಿದ ಶಾಲೆಯೂ ಇವನಿಗೆ ತಕ್ಕದ್ದೇ. ಅಲ್ಲಿ ತಂದೆತಾಯಿಯರು ಸ್ವಇಚ್ಛೆಯಿಂದ ಸೇವೆ ಮಾಡಬೇಕು. ಮಾಡದಿದ್ದರೆ ಮಗುವಿಗೆ ಮುಂದಿನ ವರ್ಷ ಸೀಟಿಲ್ಲ. ಮೂಗುದಾರ ಹಾಕಿ ಎಳೆಯುವುದಕ್ಕೆ ಸ್ವಇಚ್ಛೆ ಎಂದು ಹೆಸರಿಡಲು ಎಷ್ಟು ಓದಿರಬೇಕೋ! ತಂಗಿ ನರ್ಸು. ಪಾಳಿ ಮುಗಿಸಿ, ನಿದ್ದೆಗೆ ಕಣ್ಣು ಎಳೆಯುತ್ತಿದ್ದರೂ ಹೋಗಿ ಲೈಬ್ರರಿಯ ಕಪಾಟು ಒರೆಸಿ ಬಂದಳು. ಹೆಡ್‌ಮಿಸ್ಸು ಆಮೇಲೆ ಬೆರಳಿನಿಂದ ಸವರಿ ಧೂಳು ಹುಡುಕಿದರಂತೆ. ಅಪ್ಪಂದಿರ ಪಾಲಿಗೆ ಬಂದದ್ದು ತರಗತಿಯಲ್ಲಿ ಕಥೆ ಓದುವ ಕೆಲಸ. ಓದುವವರ ಪಕ್ಕದ ಪುಟ್ಟ ಸ್ಟೂಲಿನಲ್ಲಿ ಅವರ ಮಗು ಕೂರಬೇಕು.

ಆ ಸ್ಟೂಲಿಗಾಗಿ ತಂಗಿಯ ಮಗಳು ಜೀವ ಬಿಡುತ್ತಿದ್ದಳು. ಕರಡಿಯ ಕಥೆಯೊಂದನ್ನು ತಾನೇ ಆರಿಸಿಟ್ಟಿದ್ದಳು.

"ನಮ್ಮಪ್ಪ ಕರಡಿ ದನೀಲೇ ಓದ್ತಾರೆ ದೊಡ್ಡಮ್ಮ, ನೋಡ್ತಿರಿ!"

ಅವನು ಕರಡಿಯ ದನಿ ತೆಗೆದದ್ದನ್ನು ನಾವ್ಯಾರೂ ಕೇಳಿರಲಿಲ್ಲ, ಗೊರಕೆಯೊಂದನ್ನು ಬಿಟ್ಟರೆ.

ಅವನು ಕಥೆ ಓದಬೇಕಾದ ದಿನ ತಂಗಿಗೆ ಬೆಳಗಿನ ಪಾಳಿ. ಹುಡುಗಿಯನ್ನು ಶಾಲೆಗೆ ಬಿಡಲು ನಾನು ಹೋದೆ. ಬದಲಿರಾಯ ಬನಿಯನ್ನಿನಲ್ಲಿ ಕೂತು ಫೋನು ತೀಡುತ್ತಿದ್ದ.

"ಅಕ್ಕಾ, ನಮ್ಮ ಅಂಗಡೀಲಿ ಬಣ್ಣ ಬೆರೆಸ್ತಾನಲ್ಲ, ಅವನು ಗೇಟ್ ಹತ್ರ ಕಾಯ್ತಿರ್ತಾನೆ. ನನ್ನ ಶರ್ಟೇ ಕೊಟ್ಟು ಕಳಿಸಿದೀನಿ. ಆ ಮಿಸ್ಸು ನನ್ನ ಮುಖ ಯಾವತ್ತು ನೋಡಿದಾರೆ?" ಆಮೇಲೆ ಮಗಳತ್ತ ತಿರುಗಿದ. "ಪುಟ್ಟಿ, ಇವತ್ತೊಂದಿನ ಅವನನ್ನ ಅಪ್ಪ ಅನ್ನು. ಬಾಯ್ತಪ್ಪಿ ಅಂಕಲ್ ಅಂದೆಯೋ, ಸೀಟು ಹೋಯ್ತು ಅಂತ್ಲೇ ತಿಳ್ಕೋ."

"ನಾಚಿಕೆ ಅನ್ನೋದು ಇದೆಯಾ ನಿನಗೆ?" ಅಂದೆ.

"ಕಥೆ ತಾನೇ ಅಕ್ಕಾ, ಯಾರು ಓದಿದ್ರೇನು?"

ಹುಡುಗಿ ಅಳಲಿಲ್ಲ. ದಾರಿಯುದ್ದಕ್ಕೂ "ಅಪ್ಪ, ಅಪ್ಪ" ಎಂದು ಮಗ್ಗಿ ಕಲಿಯುವಂತೆ ಬಾಯಿಪಾಠ ಮಾಡಿದಳು.

ಕಿಟಕಿಯಾಚೆ ನಿಂತು ನೋಡಿದೆ. ಬಣ್ಣ ಬೆರೆಸುವವನು ಆ ದೊಗಳೆ ಶರ್ಟಿನೊಳಗೆ ಬೆವೆತು ನೀರಾಗಿದ್ದ. ತಡವರಿಸಿಕೊಂಡು ನಾಲ್ಕು ಸಾಲು ಓದಿದ. ಕರಡಿ ಬರುತ್ತಲೇ ಅದೇನು ತೋಚಿತೋ, ಪುಸ್ತಕ ಮಡಚಿಟ್ಟು ಗುರ್ರೆಂದ. ಮುಂದಿನ ಸಾಲಿನ ಮಕ್ಕಳು ಕಿರುಚಿ ಹಿಂದಕ್ಕೆ ಜರುಗಿದರು. ನಮ್ಮ ಹುಡುಗಿ ನಕ್ಕೂ ನಕ್ಕೂ ಅವನ ತೋಳಿಗೆ ಒರಗಿದಳು.

"ಅಪ್ಪಾ, ಇನ್ನೊಂದ್ಸಲ!"

ಹೆಡ್‌ಮಿಸ್ಸು ಚಪ್ಪಾಳೆ ತಟ್ಟಿ, ಎಲ್ಲ ತಂದೆಯರೂ ಇವರ ಹಾಗೆ ಮನಸ್ಸಿಟ್ಟು ಬರಬೇಕು ಎಂದು ಭಾಷಣ ಬಿಗಿದರು. ಕಪಾಟಿನ ಧೂಳು ಕಾಣುವ ಆ ಕಣ್ಣಿಗೆ ಇದೊಂದು ಕಾಣಲಿಲ್ಲ.

ಸಂಜೆ ಬದಲಿರಾಯ ಬಂದವನೇ ಸೋಫಾದಲ್ಲಿ ಒರಗಿದ. "ಏನಾಯ್ತು ಪುಟ್ಟಿ? ಗುಟ್ಟು ಬಿಟ್ಕೊಡ್ಲಿಲ್ಲ ತಾನೇ?"

"ಇಲ್ಲ. ಅಪ್ಪ ತುಂಬಾ ಚೆನ್ನಾಗಿ ಓದಿದ್ರು."

"ಈಗ ಹಾಗನ್ಬೇಕಾಗಿಲ್ಲ ಕಣೇ, ಶಾಲೆ ಮುಗೀತಲ್ಲ."

ಹುಡುಗಿ ಕರಡಿಯ ಪುಸ್ತಕವನ್ನು ಚೀಲದೊಳಗೆ ಹಾಕಿದಳು.

"ಮುಂದಿನ ಸಲಾನೂ ಅವರನ್ನೇ ಕಳಿಸಿ. ನೀವು ಬರ್ಬೇಡಿ."

ಬದಲಿರಾಯನ ಮುಖ ಊರಗಲ ಅರಳಿತು.

"ನೋಡಿದ್ರಾ ಅಕ್ಕಾ," ಅಂದ, "ಸುಮ್ನೆ ಬೈದ್ರಲ್ಲ ನನ್ನ! ಅವಳೇ ಒಪ್ಕೊಂಡ್ಳು."