ಅವರೆ ಚಪ್ಪರದ ಡಿಸ್ಕುಗಳು

ನಮ್ಮ ಹಿತ್ತಲಿನ ಅವರೆ ಚಪ್ಪರದಲ್ಲಿ ಡಿವಿಡಿ ಡಿಸ್ಕುಗಳು ತೂಗಾಡುತ್ತಿವೆ. ಬಿಸಿಲು ಬಿದ್ದು ಮಿಂಚಿದರೆ ಗಿಳಿಗಳು ಹತ್ತಿರ ಸುಳಿಯುವುದಿಲ್ಲ. ಸುಂಟಿಕೊಪ್ಪದ ಸಂತೆಗೆ ಹೋಗುವವರು ಬೇಲಿಯಾಚೆ ನಿಂತು, ಏನಕ್ಕ ಇದು, ಅಲಂಕಾರವೇ ಎಂದು ಕೇಳುತ್ತಾರೆ. ಅಲಂಕಾರವಲ್ಲ, ನಾನೂ ನನ್ನ ಮಗಳು ಸುಮಳೂ ಕೂತು ಕೆಡಿಸಿದ ಡಿಸ್ಕುಗಳು. ಹೇಳಿಕೊಳ್ಳಲು ನಾಚಿಕೆಯೇನು? ಮೊಮ್ಮಗಳು ಹುಟ್ಟಿದ ಮೇಲೆ ನನಗೆ ನಾಚಿಕೆಯೇ ಬಿಟ್ಟುಹೋಗಿದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಅವಳ ಕಿವಿ ಎಷ್ಟು ಚಂದ ಎಂದು ಹೇಳಿಯೇ ಇಳಿಯುತ್ತೇನೆ.

ಇದೆಲ್ಲ ಶುರುವಾದದ್ದು ಕರಿಮೆಣಸಿನ ಡಬ್ಬದಿಂದ. ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿದ ಮೆಣಸಿಗೆ ಮಾತ್ರ ಹಿಡಿಯುವುದಿಲ್ಲ. ಹಾಗಾಗಿ ಸುಮಳ ತೊಟ್ಟಿಲು ಶಾಸ್ತ್ರದ ವಿಡಿಯೋ ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಮೆಣಸಿನೊಳಗೆ ಹೂತಿಟ್ಟಿದ್ದೆ. ಮೊನ್ನೆ ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟ ಸ್ಟುಡಿಯೋದವನು ಸೀನಿ ಸೀನಿ ಸುಸ್ತಾದನಂತೆ. ಸೀನಲಿ ಬಿಡಿ, ಟೇಪು ನೆಟ್ಟಗಿತ್ತಲ್ಲ.

ಆ ಟೇಪಿನಲ್ಲಿ ನಮ್ಮ ಅತ್ತೆಯ ಹಾಡಿತ್ತು. ತಾವೇ ಕಟ್ಟಿದ ಜೋಗುಳ. ಒಲೆ ಮುಂದಿನ ಬೆಕ್ಕು ಮಲಗಿತು, ಕೊಟ್ಟಿಗೆಯ ಕೆಂದಿ ಮಲಗಿತು, ಕಿತ್ತಳೆ ಮರದ ಹಕ್ಕಿ ಮಲಗಿತು, ನೀನೂ ಮಲಗು ಅಂತ ಮನೆಯಲ್ಲಿದ್ದ ಒಂದೊಂದನ್ನೂ ಮಲಗಿಸುತ್ತ ಹೋಗುವ ಹಾಡು. ಅದನ್ನು ನಾನು ಕಲಿಯಲಿಲ್ಲ. ಅತ್ತೆ ಇರುವಾಗ ಅವರೇ ಹಾಡುತ್ತಿದ್ದರು, ನನ್ನ ದನಿಯೋ, ಎಮ್ಮೆ ಕರೆಯಲು ಸರಿ. ಆಮೇಲೆ ಕೇಳೋಣವೆಂದರೆ ಅವರಿಲ್ಲ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಆ ಹಾಡು ಮನೆಯಲ್ಲಿ ಕೇಳಲೇಬೇಕು ಅನ್ನುವುದು ನನ್ನ ಹಟ.

ಬಾಣಂತನಕ್ಕೆ ಬಂದಿದ್ದ ಸುಮ, ಮೊಬೈಲಿನಲ್ಲಿ ಹಾಕಿಕೊಂಡರಾಯಿತು, ಡಿಸ್ಕ್ ಯಾಕೆ ಅಂದಳು. ಮೊಬೈಲು ನಿನ್ನ ಜೊತೆ ಹೊರಟುಹೋಗುತ್ತದೆ, ಟಿವಿ ಇಲ್ಲೇ ಇರುತ್ತದೆ ಅಂದೆ. ಸರಿ, ಅವಳ ಹಳೆಯ ಲ್ಯಾಪ್‌ಟಾಪ್ ಹೊರಗೆ ಬಂತು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಡಿಸ್ಕಿನ ವಿಷಯ ನನ್ನನ್ನು ಕೇಳಿ, ಹೇಳುತ್ತೇನೆ. ಅದೂ ಮೆಣಸಿನ ಡಬ್ಬದ ಹಾಗೇ, ಹಿಡಿಯುವಷ್ಟೇ ಹಿಡಿಯುತ್ತದೆ. ಚಿತ್ರ ಚೊಕ್ಕಟವಾಗಿರಲೆಂದು ಜಾಸ್ತಿ ಜಾಗ ಕೊಟ್ಟರೆ ಕಡಿಮೆ ಹೊತ್ತಿನದು ಹಿಡಿಯುತ್ತದೆ. ಸುಮ ಮೊದಲು ಹಾಗೆ ಮಾಡಿದಳು, ಊಟದ ಪಂಕ್ತಿಗೇ ಡಿಸ್ಕು ಮುಗಿದುಹೋಯಿತು. ಅವತ್ತಿನ ಕ್ಯಾಮೆರಾದವನೂ ಒಬ್ಬೊಬ್ಬರು ಪಾಯಸ ಸುರಿಯುವುದನ್ನು ಅಷ್ಟು ಹೊತ್ತು ಹಿಡಿದಿದ್ದ. ಪಂಕ್ತಿಯನ್ನು ಕತ್ತರಿಸಿಬಿಡಲೇ ಅಂದಳು. ಬೇಡ ಅಂದೆ, ಅದರಲ್ಲಿ ಕೂತವರಲ್ಲಿ ಎಷ್ಟೋ ಜನ ಈಗಿಲ್ಲ. ಇನ್ನೊಂದರಲ್ಲಿ ಎಲ್ಲವನ್ನೂ ಒತ್ತಿ ತುಂಬಿದಳು. ಅತ್ತೆ ಹಂಡೆಯೊಳಗೆ ಕೂತು ಹಾಡಿದಂತೆ ಕೇಳಿತು. ಮತ್ತೊಂದು ಯಾವುದೋ ಅಮೆರಿಕದ ಟಿವಿಯ ಲೆಕ್ಕಕ್ಕೆ ತಯಾರಾಗಿ, ನಮ್ಮ ಟಿವಿಯಲ್ಲಿ ಬಣ್ಣವೇ ಇಲ್ಲದೆ ಕುಣಿಯಿತು. ನಮ್ಮನೆಯವರು ಕೆಟ್ಟ ಡಿಸ್ಕಿಗೆಲ್ಲ ದಾರ ಪೋಣಿಸುತ್ತ, "ಹೀಗೇ ಮಾಡ್ತಿರಿ, ಗದ್ದೆಗೂ ಬೇಕು" ಅಂದರು.

ಕೊನೆಗೆ ನಾನೇ ಹೇಳಿದೆ, ಹಾಡನ್ನು ಒತ್ತಬೇಡ, ಅದು ಇದ್ದ ಹಾಗೇ ಇರಲಿ, ಉಳಿದ ಜಾಗದಲ್ಲಿ ಚಿತ್ರ ಎಷ್ಟಾಗುತ್ತೋ ಅಷ್ಟಾಗಲಿ.

"ಧ್ವನಿಗೆ ಅಷ್ಟು ಜಾಗ ಕೊಟ್ರೆ ಮುಖ ಎಲ್ಲ ಮಸುಕಾಗುತ್ತೆ ಕಣವ್ವ."

"ಆಗ್ಲಿ ಬಿಡೆ. ನಿಮ್ಮಜ್ಜಿ ಮುಖ ನಂಗೊತ್ತು. ಹಾಡು ಗೊತ್ತಿಲ್ಲ."

ಅದು ಸರಿಯಾಯಿತು. ಆದರೂ ಎಲ್ಲಾದರೂ ನಿಲ್ಲುತ್ತದೇನೋ ಎಂದು ಕಾಫಿ ಸೋಸುವಾಗ, ಮಗುವಿಗೆ ಎಣ್ಣೆ ಹಚ್ಚುವಾಗ ಹಾಕಿ ಹಾಕಿ ನೋಡಿದೆ.

ತೊಟ್ಟಿಲು ಶಾಸ್ತ್ರದ ದಿನ ಹೆಂಗಸರೆಲ್ಲ ಸುತ್ತ ಕೂತರು. ನಾನೇ ಗುಂಡಿ ಒತ್ತಿದೆ. ಅತ್ತೆ ಮಸುಕು ಮಸುಕಾಗಿ ಬಂದು, ಪಕ್ಕದಲ್ಲೇ ಕೂತವರಂತೆ ದನಿ ತೆಗೆದರು. ಬೆಕ್ಕು ಮಲಗಿತು. ಕೆಂದಿ ಮಲಗಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಮಗು ಅಳಲು ಬಾಯಿ ತೆರೆಯಿತು. ಆಗಲೇ ಯಾರೋ "ಕಿತ್ತಳೆ ಮರದ ಹಕ್ಕಿ ಮಲಗಿತು" ಎಂದು ಹಾಡನ್ನು ಮುಂದುವರಿಸಿದರು. ದನಿ ಎಮ್ಮೆ ಕರೆಯುವಂಥದು. ನನ್ನದೇ. ಡಿಸ್ಕು ಕೆಡಿಸಿ ಕೆಡಿಸಿ, ಹಾಕಿ ಹಾಕಿ ನೋಡಿ, ಹಾಡು ನನಗೆ ಗೊತ್ತಿಲ್ಲದೆಯೇ ನನ್ನೊಳಗೆ ಇಳಿದುಬಿಟ್ಟಿತ್ತು. ಹಗ್ಗ ಹಿಡಿದು ತೂಗುತ್ತ ಕೊನೆಯ ಸಾಲಿನವರೆಗೂ ಹಾಡಿದೆ. ಮಗು ಇನ್ನೂ ಕಣ್ಣು ಬಿಟ್ಟುಕೊಂಡೇ ಇತ್ತು. ಆಗ ನನ್ನದೊಂದು ಸಾಲು ಸೇರಿಸಿದೆ: ಮನೆಯ ಕರೆಂಟೂ ಮಲಗಿತು, ನೀನೂ ಮಲಗು. ಹೆಂಗಸರು ನಕ್ಕರು, ಮಗು ಮಲಗಿತು. ಕರೆಂಟು ಬಂದಾಗ ಸುಮ ಎದ್ದು ಟಿವಿಯನ್ನು ಆರಿಸಿದಳು.

ಆ ಒಳ್ಳೆಯ ಡಿಸ್ಕು ಈಗ ಮೆಣಸಿನ ಡಬ್ಬದಲ್ಲಿ ಭದ್ರವಾಗಿದೆ. ನಾನು ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವರೆ ಬಿಡಿಸುತ್ತಿದ್ದೇನೆ. ಕೆಟ್ಟ ಡಿಸ್ಕುಗಳ ಬೆಳಕು ಅವಳ ಮುಖದ ಮೇಲೆ ಓಡಾಡುತ್ತಿದೆ. ಚಪ್ಪರಕ್ಕೆ ಬಾರದ ಗಿಳಿಯನ್ನೂ ಹಾಡಿನಲ್ಲಿ ಮಲಗಿಸಿಬಿಟ್ಟೆ ಇವತ್ತು, ಹಾಡು ಇನ್ನೊಂದು ಸಾಲು ಉದ್ದವಾಯಿತು.