ಸಿಟ್ಟಿಲ್ಲದವಳ ಬಿ.ಪಿ.

ನಮ್ಮ ಮನೆಯಲ್ಲಿ ಬಿ.ಪಿ. ಅಂದರೆ ನಾನೇ. ಹಾಲಿನವನು ತಡವಾಗಿ ಬಂದರೆ ರೇಗುತ್ತಿದ್ದೆ, ಸ್ಟಾಪಿನಲ್ಲಿ ಬಸ್ಸು ನಿಲ್ಲಿಸದ ಕಂಡಕ್ಟರನ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ. "ಅವಳಿಗೆ ಬಿ.ಪಿ. ಏರ್ತು, ಎಲ್ಲಾ ದೂರ ಸರೀರಿ" ಎಂದು ಅಮ್ಮ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ, ಸಿಟ್ಟು. ನನ್ನ ತಂಗಿ ನನಗೆ ತದ್ವಿರುದ್ಧ. ಬೈದರೂ ನಗುವ ಹುಡುಗಿ.

ತೊಂಬತ್ತರ ದಶಕದ ಕೊನೆಯ ಮಾತು. ಶಿವಮೊಗ್ಗಕ್ಕೆ ಮದುವೆಯಾಗಿ ಹೋಗಿದ್ದ ಅವಳು ಸೀಮಂತ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬ್ಯಾಗಿನಲ್ಲಿ ಮಾತ್ರೆಗಳು, ಒಂದು ಚೀಟಿ. ಬಿ.ಪಿ. ಜಾಸ್ತಿ ಇದೆ, ಮಾತ್ರೆ ತಪ್ಪಿಸಬಾರದು, ವಾರವಾರ ತೋರಿಸಬೇಕು ಎಂದು ಅಲ್ಲಿನ ಡಾಕ್ಟರಮ್ಮ ಬರೆದಿದ್ದರು.

"ಅಯ್ಯೋ ಶಿವನೇ, ಅತ್ತೆ ಮನೇಲಿ ಏನೇನು ನುಂಗಿಕೊಂಡಿತ್ತೋ ಕೂಸು" ಎಂದು ಅಮ್ಮ ಕಣ್ಣೊರೆಸಿಕೊಂಡಳು. ನಾನು ನಕ್ಕುಬಿಟ್ಟೆ.

"ಸಿಟ್ಟೇ ಇಲ್ದೋಳಿಗೆ ಬಿ.ಪಿ. ಎಲ್ಲಿಂದ ಬರುತ್ತೆ ಮಾರಾಯ್ತಿ? ಬರೋದಾದ್ರೆ ನಂಗೆ ಬರಬೇಕಿತ್ತು!"

ಬಸುರಿಗೆ ಮಾತ್ರೆ ಉಷ್ಣ ಎಂದು ತೀರ್ಪು ಕೊಟ್ಟವಳೂ ನಾನೇ. ಅವನ್ನೆಲ್ಲ ಚೀಟಿಯ ಸಮೇತ ತೆಗೆದು ದೇವರ ಗೂಡಿನ ಮೇಲಿಟ್ಟೆ. "ತವರಿಗೆ ಬಂದಿದ್ದೀಯ, ನೆಮ್ಮದಿಯಾಗಿರು. ಯಾರ ಮೇಲೂ ಸಿಟ್ಟು ಮಾಡ್ಕೋಬೇಡ, ಅದೇ ಔಷಧಿ" ಎಂದೆ. ಅವಳು ತಲೆಯಾಡಿಸಿದಳು. ನನ್ನ ಮಾತನ್ನು ಅವಳು ಯಾವತ್ತೂ ಮೀರಿದವಳಲ್ಲ.

ಮೂರು ವಾರ ಮನೆಯಲ್ಲಿ ಯಾರೂ ದನಿ ಎತ್ತರಿಸಲಿಲ್ಲ. ನಾನು ಕೂಡ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ, ಅದೇ ದೊಡ್ಡ ಆರೈಕೆ ಅಂತ ಬೀಗುತ್ತಲೂ ಇದ್ದೆ. ಅವಳ ಪಾದ ಊದಿಕೊಂಡವು. ಬಸುರಿಯರಿಗೆ ಅದು ಮಾಮೂಲು ಅಂದುಕೊಂಡೆವು. ಸೀಮಂತದಲ್ಲಿ ತೊಡಿಸಿದ ಹಸಿರು ಬಳೆಗಳು ಮಣಿಕಟ್ಟಿಗೆ ಕಚ್ಚಿಕೊಂಡವು. ಮುಖವೂ ತುಂಬಿಕೊಂಡಾಗ, ತವರಿನ ಅನ್ನ ಮೈಗೆ ಹತ್ತಿದೆ ಎಂದು ಅಮ್ಮ ದೃಷ್ಟಿ ತೆಗೆದಳು.

ಒಂದು ಬೆಳಿಗ್ಗೆ ತಲೆ ಸಿಡಿಯುತ್ತಿದೆ ಎಂದಳು ತಂಗಿ. "ಕಣ್ಣ ಮುಂದೆ ಮಿಣಮಿಣ ಅನ್ನುತ್ತೆ ಅಕ್ಕ." ಹೊಟ್ಟೆಯ ಮೇಲ್ಭಾಗ ಹಿಡಿದುಕೊಂಡಾಗ ಗ್ಯಾಸು ಅಂದೆವು. ಅಮ್ಮ ಓಂಕಾಳಿನ ಕಷಾಯ ಕುದಿಸಿ ತಂದಳು. ಅರ್ಧ ಕುಡಿಯುವಷ್ಟರಲ್ಲಿ ಲೋಟ ಕೈಜಾರಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ಕೈಕಾಲು ಸೆಟೆದು ಅದುರತೊಡಗಿದವು. ಪಕ್ಕದ ಮನೆಯವರ ಕಾರಿನಲ್ಲಿ ಶಿವಮೊಗ್ಗಕ್ಕೆ ಓಡಿದೆವು. ದಾರಿಯಲ್ಲಿ, ನನ್ನ ತೊಡೆಯ ಮೇಲೆಯೇ, ಇನ್ನೊಂದು ಸಲ ಫಿಟ್ಸ್ ಬಂತು.

"ಮಾತ್ರೆ ಕೊಡ್ತಿದ್ರಾ?" ಡಾಕ್ಟರಮ್ಮ ಕೇಳಿದರು. ಅಮ್ಮ ನನ್ನ ಮುಖ ನೋಡಿದಳು.

"ಅವಳಿಗೆ ಸಿಟ್ಟು ಅನ್ನೋದೇ ಇಲ್ಲ ಡಾಕ್ಟ್ರೇ! ನಾವು ಎಷ್ಟು ನೆಮ್ಮದಿಯಾಗಿ ಇಟ್ಕೊಂಡಿದ್ವಿ ಗೊತ್ತಾ?" ಎಂದು ನಾನು ಕೂಗಾಡಿದೆ.

"ಬಿ.ಪಿ. ಅಂದ್ರೆ ಸಿಟ್ಟಲ್ಲಮ್ಮ, ರಕ್ತದ ಒತ್ತಡ. ಬಸುರಿ ನಗ್ತಾ ಕೂತಿದ್ರೂ ಏರುತ್ತೆ. ಮುಖ ಊದ್ಕೊಂಡಿದೆ, ತಲೆನೋವು, ಕಣ್ಣು ಮಿಣುಕು... ಇಷ್ಟೆಲ್ಲ ಆಗೋ ತನಕ ಮನೇಲಿ ಇಟ್ಕೊಂಡಿದ್ರಾ?" ಅಷ್ಟು ಹೇಳಿ ಅವರು ಒಳಗೆ ಹೋದರು.

ನಾನು ಅಲ್ಲೇ ಕುಸಿದೆ. ನರ್ಸು ನನ್ನ ತೋಳಿಗೂ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. "ನಿಮ್ದು ನಾರ್ಮಲ್ ಇದೆ, ಏಳಿ." ಜನ್ಮದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದಿಲ್ಲ.

ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಉಸಿರಿರಲಿಲ್ಲ. ತಂಗಿ ಉಳಿದಳು.

ಮೂರನೆಯ ದಿನ ಅವಳಿಗೆ ಪೂರ್ತಿ ಎಚ್ಚರವಾಯಿತು. ಊತ ಇಳಿದು ಬಳೆಗಳು ಮತ್ತೆ ಸಡಿಲವಾಗಿದ್ದವು. ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು: "ಅಕ್ಕ, ಒಂದೇ ಒಂದು ಸಲ ಒಳಗೊಳಗೇ ಅತ್ತೆ ಮೇಲೆ ಸಿಟ್ಟು ಬಂದಿತ್ತು ಕಣೇ. ಅದಕ್ಕೇ ಹೀಗಾಯ್ತಾ?"

"ಅಲ್ಲ ಕಣೇ, ಅಲ್ಲ. ಮಾತ್ರೆ ನಿಲ್ಲಿಸಿದ್ದು ನಾನು. ನನ್ನಿಂದಲೇ ಆಗಿದ್ದು" ಎಂದು ಹೇಳಿಬಿಟ್ಟೆ. ಅವಳು ಬೈಯಲಿ, ಕೈ ಕೊಡವಲಿ, ಕೆನ್ನೆಗೆ ಎರಡು ಬಿಗಿಯಲಿ ಎಂದು ಕಾದೆ. ಅವಳು ಹಿಡಿದ ಕೈ ಬಿಡಲಿಲ್ಲ.

"ಹೋಗ್ಲಿ ಬಿಡು ಅಕ್ಕ," ಎಂದಳು. "ನೀನು ಬಿ.ಪಿ. ಮಾಡ್ಕೋಬೇಡ."